ಸುಣ್ಣದ ಗೆರೆಯ ಮನೆ

ಹೋದ ತಿಂಗಳು ನಮ್ಮ ಎದುರಿನ ಸೈಟಿನಲ್ಲಿ ಪಾಯದ ಗುರುತು ಹಾಕಿದರು. ಮೇಸ್ತ್ರಿ ತಗಡಿನ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು ದಾರದ ಗುಂಟ ಉದುರಿಸುತ್ತ ಹೋದ. ನೋಡನೋಡುತ್ತ ಬರೀ ಮಣ್ಣಿನ ಮೇಲೆ ಒಂದು ಹಾಲು, ಎರಡು ಕೋಣೆ, ಒಂದು ಅಡುಗೆಮನೆ ಮೂಡಿದವು. ತರಕಾರಿ ಚೀಲ ಹಿಡಿದು ಆ ಕಡೆಯಿಂದ ಬರುತ್ತಿದ್ದೆ. ಅಡ್ಡ ದಾಟಿದ್ದರೆ ನಾಲ್ಕು ಹೆಜ್ಜೆಗೆ ನಮ್ಮ ಗೇಟು. ದಾಟಲಿಲ್ಲ. ಗೋಡೆ ಇರುವ ಕಡೆ ದಾಟುವುದು ಹೇಗೆ? ಸುತ್ತು ಹಾಕಿಕೊಂಡು ಬಂದೆ. "ಹಂಗೇ ಬನ್ನಿ ಅಮ್ಮಾ, ಅದು ಬರೀ ಗುರ್ತು" ಎಂದು ಮೇಸ್ತ್ರಿ ನಕ್ಕ. ನಾನೂ ನಕ್ಕೆ. ಆದರೆ ಸುಣ್ಣದ ಒಣ ಘಾಟು ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಅವನಿಗೆ ಗೊತ್ತಾಗುವ ಹಾಗಿರಲಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ನಾವು ಬಹ್ರೇನಿಗೆ ಹೋದಾಗ ಮಗಳು ನಿಧಿಗೆ ಮೂರು ತುಂಬಿತ್ತು. ಇವರು, ಅಂದರೆ ನನ್ನ ಗಂಡ, ಸಿವಿಲ್ ಎಂಜಿನಿಯರು. ಹಿದ್ ಎಂಬ ಊರಿನ ಆಚೆ ಸಮುದ್ರಕ್ಕೆ ಮಣ್ಣು ತುಂಬಿ ಹೊಸ ನೆಲ ಮಾಡಿ, ಅದರ ಮೇಲೆ ಒಂದು ಇಡೀ ಊರು ಕಟ್ಟುವ ಕೆಲಸ ನಡೆದಿತ್ತು. ಇವರ ಪಾಲಿಗೆ ಬಂದದ್ದು ರಸ್ತೆ ಮತ್ತು ಚರಂಡಿ. ರಸ್ತೆ ಆಯಿತು, ಚರಂಡಿ ಆಯಿತು, ದೀಪದ ಕಂಬ ಬಂದವು, ಮೂಲೆಮೂಲೆಗೆ ರಸ್ತೆಯ ನಂಬರಿನ ಫಲಕ ಬಂತು. ಅಷ್ಟು ಹೊತ್ತಿಗೆ ಹಣದ ಮುಗ್ಗಟ್ಟು ಬಂದು ಪ್ರಪಂಚದಲ್ಲೆಲ್ಲ ಕಟ್ಟುವ ಕೆಲಸಗಳು ನಿಂತವಲ್ಲ, ಇದೂ ನಿಂತಿತು. ಊರಿಗೆ ಬೇಕಾದದ್ದೆಲ್ಲ ಇತ್ತು, ಮನೆ ಮತ್ತು ಜನ ಇವೆರಡು ಬಿಟ್ಟು. ಇವರನ್ನು ಮಾತ್ರ ಕಂಪನಿ ಮನೆಗೆ ಕಳಿಸಲಿಲ್ಲ. ಇದ್ದದ್ದನ್ನು ನೋಡಿಕೊಂಡಿರಿ ಎಂದು, ಗೇಟು ದಾಟಿ ಒಳಗೆ ಹೋಗಲು ಒಂದು ಪಾಸು ಕೊಟ್ಟು ಕೂರಿಸಿತ್ತು.

ಆ ಪಾಸಿನ ದೆಸೆಯಿಂದ ನಾನು ಮೂವತ್ತೆರಡನೆಯ ವಯಸ್ಸಿನಲ್ಲಿ ಸೈಕಲ್ ಕಲಿತೆ. ಹಾಸನದಲ್ಲಿ ಹುಡುಗಿಯಾಗಿದ್ದಾಗ ಕಲಿಯಲಿಲ್ಲ. ಬಿದ್ದು ಹಲ್ಲು ಮುರಿದುಕೊಂಡರೆ ಮದುವೆ ಆಗೋದು ಹೇಗೆ ಎಂಬುದು ಅಮ್ಮನ ಚಿಂತೆ. ಮದುವೆ ಆಗಿ ಹತ್ತು ವರ್ಷ ಆದ ಮೇಲೆ ಹಲ್ಲಿನ ಭಯ ಹೋಗಿತ್ತು. ಸೈಕಲ್ ಕೊಟ್ಟವರು ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಐರಿನ್, ಮಂಗಳೂರಿನ ಕಡೆಯ ನರ್ಸು. ಕಾರ್ ಪಾರ್ಕಿಂಗಿನಲ್ಲಿ ನನ್ನ ಒದ್ದಾಟ ನೋಡಿ, "ಚಕ್ರ ನೋಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೇ, ಮುಂದೆ ನೋಡಿ. ಚಕ್ರ ಅದರಷ್ಟಕ್ಕೆ ಬರ್ತದೆ" ಅಂದರು. ಅವರ ಮಾತು ನಿಜ, ಚಕ್ರ ಬರುತ್ತಿತ್ತು, ನಾನು ಮಾತ್ರ ಆಗಾಗ ಹಿಂದೆ ಉಳಿಯುತ್ತಿದ್ದೆ. ನಿಧಿ ನಾಲ್ಕು ದಿನದಲ್ಲಿ ಕಲಿತು, ಪಕ್ಕದ ಚಕ್ರಗಳನ್ನು ಬಿಚ್ಚಿಸಿ, ನನಗೆ ಪಾಠ ಹೇಳತೊಡಗಿದಳು. ಗಂಡ, ಮಗಳು ಇಬ್ಬರ ನಗು ತಡೆದುಕೊಳ್ಳುವುದು ಸುಲಭ ಇರಲಿಲ್ಲ. ಹಾಗಾಗಿ ಬಿದ್ದಾಗಲೆಲ್ಲ ಬೀಳಲಿಲ್ಲ ಅನ್ನುವುದನ್ನೂ ಕಲಿತೆ.

ಅಲ್ಲಿನ ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಇವರ ಪಿಕಪ್ಪಿಗೆ ಮೂರು ಸೈಕಲ್ ಹಾಕಿಕೊಂಡು ಆ ಖಾಲಿ ಊರಿಗೆ ಹೊರಡುತ್ತಿದ್ದೆವು. ಮುಂದೆ ಇವರು, ನಡುವೆ ನಿಧಿ, ಕೊನೆಗೆ ನಾನು. ಮಗುವಿನ ಮೇಲೆ ಕಣ್ಣಿಡುವುದು ಹಿಂದೆ ಬರುವವರ ಕೆಲಸ ಎಂದು ಇವರು ಮೊದಲ ದಿನವೇ ಹೇಳಿದ್ದರು. ಖಾಲಿ ರಸ್ತೆ ಎಂದರೆ ಎಂಥ ಸುಖ ಎಂದು ನೀವು ಅಂದುಕೊಳ್ಳಬಹುದು. ಮೊದಮೊದಲು ನನಗೂ ಹಾಗೇ ಅನಿಸಿತು. ಆಮೇಲೆ ಮೈ ಒಂಥರಾ ಆಗತೊಡಗಿತು. ಪಾಳುಬಿದ್ದ ಊರನ್ನು ಎಲ್ಲರೂ ನೋಡಿರುತ್ತೇವೆ, ಅಲ್ಲಿ ಜನ ಇದ್ದರು, ಹೋದರು. ಇಲ್ಲಿ ಯಾರೂ ಬಂದೇ ಇರಲಿಲ್ಲ. ಆದರೂ ತಿರುವಿನಲ್ಲಿ ಬ್ರೇಕು ಹಿಡಿಯುತ್ತಿದ್ದೆ, ಯಾರೋ ಎದುರು ಬಂದಾರು ಎಂದು. ನಿಧಿಗೆ ಈ ಯಾವ ಕಷ್ಟವೂ ಇರಲಿಲ್ಲ. ಯಾವ ಸೈಟಿನಲ್ಲಿ ಯಾರು ಇದ್ದಾರೆ ಎಂದು ಅವಳೇ ತೀರ್ಮಾನ ಮಾಡಿ, ಕೆಲವರಿಗೆ ಸಲಾಂ ಹೇಳಿ, ಒಂದು ಸೈಟಿನ ಮುಂದೆ ಮಾತ್ರ "ಶ್, ದೇ ಆರ್ ಸ್ಲೀಪಿಂಗ್" ಎಂದು ಬೆಲ್ಲು ಹೊಡೆಯದೆ ದಾಟುತ್ತಿದ್ದಳು.

"ನಮ್ಮನೆ ಯಾವುದು ಅಪ್ಪ?" ಎಂದು ಅವಳು ಕೇಳಿದ್ದೇ ಇವರಿಗೆ ಉಮೇದು ಬಂತು. ಮುಂದಿನ ಶುಕ್ರವಾರ ಕಂಪನಿಯ ಉಗ್ರಾಣದಿಂದ ಸುಣ್ಣದ ಪುಡಿ ತಂದು, ಸಮುದ್ರದ ಕಡೆಯ ಕೊನೆಯ ರಸ್ತೆಯಲ್ಲಿ ಒಂದು ಸೈಟು ಆರಿಸಿ, ನೆಲದ ಮೇಲೆ ಅಳತೆ ಪ್ರಕಾರ ಮನೆ ಬರೆದರು. ಹಾಲು, ಅಡುಗೆಮನೆ, ದೇವರಮನೆ, ನಿಧಿಯ ಕೋಣೆ. ಬಾಗಿಲಿರುವ ಕಡೆ ಗೆರೆ ಬಿಟ್ಟಿದ್ದರು. ಅಲ್ಲಿಂದ ಮೂವತ್ತು ಹೆಜ್ಜೆಗೆ ನೆಲ ಮುಗಿದು, ದೊಡ್ಡ ದೊಡ್ಡ ಕಲ್ಲು ಸುರಿದು, ಅದರಾಚೆ ನೀರು. ಅಂದಿನಿಂದ ಬುತ್ತಿ ಬಿಚ್ಚುವುದು ಅಲ್ಲೇ. ನಿಧಿ ಹಾಕಿದ ಕಾನೂನು ಒಂದೇ, ಮನೆಯೊಳಗೆ ಶೂ ಹಾಕಿಕೊಂಡು ಬರಬಾರದು. ರಸ್ತೆಯಂಚಿನಲ್ಲಿ ಬಿಟ್ಟು, ಬಾಗಿಲಿಂದಲೇ ಬರಬೇಕು. ನಾವೂ ಹಾಗೇ ಬರುತ್ತಿದ್ದೆವು. ಬಯಲಿನಲ್ಲಿ ಬರಿಗಾಲಲ್ಲಿ ಕೂತು ಚಿತ್ರಾನ್ನ ತಿನ್ನುವ ನಮ್ಮನ್ನು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ. ನೋಡುವವರು ಯಾರೂ ಇರಲಿಲ್ಲ.

ಇನ್ನೊಂದು ಕಾನೂನು ನನ್ನದು, ನಿಜವಾದ ಮನೆಯದು. ನಾನು ಕೆಳಗಿನ ದಿನಸಿ ಅಂಗಡಿಗೆ, ಅಲ್ಲಿನವರ ಮಾತಲ್ಲಿ ಕೋಲ್ಡ್ ಸ್ಟೋರಿಗೆ, ಹಾಲು, ಖುಬ್ಬೂಸ್ ರೊಟ್ಟಿ ತರಲು ಇಳಿದಾಗ ಹತ್ತು ನಿಮಿಷ ನಿಧಿ ಒಬ್ಬಳೇ ಇರಬೇಕಾಗುತ್ತಿತ್ತು. "ಯಾರು ಕರೆದ್ರೂ ಮಾತಾಡಬೇಡ. ಬಾಗಿಲು ತೆಗೀಬೇಡ. ನಾನೇ ಬೀಗ ತೆಗೆದು ಒಳಗೆ ಬರೋವರೆಗೂ ಉಸಿರೆತ್ತಬೇಡ" ಎಂದು ಹೇಳಿ ಹೇಳಿ ಅವಳಿಗೆ ಬಾಯಿಪಾಠ ಆಗಿತ್ತು.

ಚಳಿಗಾಲದ ಒಂದು ಶುಕ್ರವಾರ ಮಂಜು ಬಿತ್ತು. ಸಮುದ್ರದ ಮೇಲಿಂದ ಬರುವ ಅಲ್ಲಿನ ಮಂಜು ನಿಂತಲ್ಲೇ ನಿಲ್ಲುತ್ತದೆ. ಗೇಟಿನಲ್ಲಿದ್ದ ಪೇಶಾವರದ ಕಡೆಯ ಕಾವಲುಗಾರ, "ಸಮಂದರ್ ಕೀ ತರಫ್ ಮತ್ ಜಾನಾ ಮೇಡಂ" ಅಂದ, ಸಮುದ್ರದ ಕಡೆ ಹೋಗಬೇಡಿ ಎಂದು. ವಾಪಸು ಹೋಗೋಣ ಎಂದು ನಾನಂದೆ. ತಾವು ನಕ್ಷೆ ಬರೆದ ರಸ್ತೆಯಲ್ಲಿ ತಾವೇ ದಾರಿ ತಪ್ಪುವುದುಂಟೇ ಎಂದು ಇವರು. ಕತ್ತಲೆಂದು ತಿಳಿದು ಬೀದಿದೀಪಗಳು ಬೆಳಗಿನ ಎಂಟಕ್ಕೆ ಉರಿಯುತ್ತಿದ್ದವು. ಒಂದು ಕಂಬದಿಂದ ಇನ್ನೊಂದು ಕಂಬ ಕಾಣುತ್ತಿರಲಿಲ್ಲ.

ಸರ್ಕಲ್ಲಿನ ಹತ್ತಿರ ನಾನು ಬಿದ್ದೆ. ಸದ್ದಿಲ್ಲದೆ, ಮರ್ಯಾದೆಯಿಂದ ಬಿದ್ದೆ. ಚೈನು ಕಳಚಿ, ಮೊಣಕಾಲು ತರಚಿತು. ಇವರು ಆಗಲೇ ಮುಂದೆ ಹೋಗಿದ್ದರು. ನಿಧಿ ನಿಂತು, ತಿರುಗಿ ನೋಡಿ, "ಬಿದ್ಯಾ ಅಮ್ಮ?" ಅಂದಳು.

"ಇಲ್ಲ, ಚೈನ್ ನೋಡ್ತಿದ್ದೀನಿ. ನೀನು ಹೋಗು, ಅಪ್ಪನ ಜೊತೆ ಇರು. ಬಂದೆ."

ಅವಳು ಹೋದಳು. ಕೆಂಪು ಸ್ವೆಟರು ಮಂಜಿನಲ್ಲಿ ಬೂದು ಬಣ್ಣವಾಗಿ, ಆಮೇಲೆ ಇಲ್ಲವಾಯಿತು. ಕಣ್ಣಿಡಬೇಕಾದವಳು ನಾನೇ ನನ್ನ ಬಾಯಿಂದ ಅವಳನ್ನು ಮಂಜಿನೊಳಗೆ ಕಳಿಸಿದೆ. ಕಾರಣ ಕೇಳಿದರೆ ನಾಚಿಕೆಯಾಗುತ್ತದೆ. ಬಿದ್ದದ್ದು ಇವರಿಗೆ ಗೊತ್ತಾಗಬಾರದು, ಅಷ್ಟೇ. ಕೂಗಿದರೆ ಬಂದು ನೋಡಿಬಿಡುತ್ತಾರಲ್ಲ ಎಂದು ಹತ್ತು ನಿಮಿಷ ತುಟಿ ಬಿಗಿಹಿಡಿದು ಚೈನಿನ ಜೊತೆ ಗುದ್ದಾಡಿದೆ. ಒಂದು ಸೊಲ್ಲು ಕೂಡ ಎತ್ತಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಚೈನು ಕೂತ ಮೇಲೆ ಹೊರಟೆ. ಒಂದು ರಸ್ತೆ, ಎರಡು ರಸ್ತೆ, ಯಾರೂ ಇಲ್ಲ. ಆಗ ಕೂಗಲು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಸಮುದ್ರದ ಕಡೆಯಿಂದ ಇವರು ಸೈಕಲ್ ತಳ್ಳಿಕೊಂಡು ಬಂದರು. ಪ್ಯಾಂಟು ಮೊಣಕಾಲವರೆಗೆ ಒದ್ದೆ. ಯಾವುದೋ ಗುಂಡಿಗೆ ಇಳಿದಿರಬೇಕು ಅಂದುಕೊಂಡೆ.

"ನಿಧಿ ಎಲ್ಲಿ?" ಅಂದರು.

"ನಿಮ್ಮ ಜೊತೆ ಇಲ್ವಾ?"

ಇವರು ನನ್ನ ಹಿಂದಿನ ಮಂಜಿನೊಳಗೆ ಇಣುಕಿದರು, ನಾನು ಇವರ ಹಿಂದಿನದಕ್ಕೆ. ಆ ಗಳಿಗೆಯನ್ನು ಬರೆಯಲು ನನಗೆ ಬರುವುದಿಲ್ಲ. "ಮುಂದೆ ಹೋದಳು, ಮಂಜಲ್ಲಿ ಕಾಣ್ಲಿಲ್ಲ. ಆಗಿಂದ ಕೂಗ್ತಾನೇ ಇದ್ದೀನಿ" ಎಂದು ಸುಳ್ಳು ಹೇಳಿದೆ. "ಹೂಂ, ಕೇಳಿಸ್ತು" ಅಂದು ಇವರು ಗೇಟಿನ ಕಡೆ ಓಡಿದರು. ನಾನು ಈ ಕಡೆ. ಫೋನು ಮಾಡಿಕೊಳ್ಳೋಣ ಎಂದರೆ ನನ್ನದೂ ಇವರ ಚೀಲದಲ್ಲೇ ಇತ್ತು. ಬಿದ್ದು ಒಡೆದುಕೊಳ್ಳುತ್ತೇನೆ ಎಂದು ನಾನೇ ಕೊಟ್ಟಿದ್ದೆ.

ಎಲ್ಲ ರಸ್ತೆಯೂ ಒಂದೇ ಥರ. ಕೂಗಿದರೆ ನನ್ನ ದನಿ ನನಗೇ ಬೇರೆ ಬೇರೆ ಕಡೆಯಿಂದ ಬಂದಂತಾಗುತ್ತಿತ್ತು. ನೀರಿನ ಸದ್ದು ಹತ್ತಿರವಾದಾಗ ಕೊನೆಯ ರಸ್ತೆ ಎಂದು ಗೊತ್ತಾಯಿತು. ಅಲ್ಲಿ ರಸ್ತೆಯಂಚಿಗೆ ಸ್ಟ್ಯಾಂಡು ಹಾಕಿ ನಿಲ್ಲಿಸಿದ ಪುಟ್ಟ ಸೈಕಲ್ಲು. ಪಕ್ಕದಲ್ಲಿ ಅವಳ ಶೂಗಳು. ಜೋಡಿಯಾಗಿ, ಒಪ್ಪವಾಗಿ ಬಿಟ್ಟಿದ್ದವು. ಆಚೆಗೆ ಬಿಳಿ ಮಂಜು, ಅದರೊಳಗೆ ಕಲ್ಲಿಗೆ ನೀರು ಬಡಿಯುವ ಸದ್ದು.

ಶೂ ಬಿಟ್ಟು ನೀರಿಗೆ ಹೋಗಿದ್ದಾಳೆ, ಇನ್ನೇನು ಉಳಿಯಿತು ಅನಿಸಿತು. ಕುಕ್ಕರಿಸಿದಾಗ ಕೈಗೆ ಬಿಳಿ ಪುಡಿ ಅಂಟಿತು. ಸುಣ್ಣ. ಗೆರೆ ಅಲ್ಲಿಂದ ಎಡಕ್ಕೂ ಬಲಕ್ಕೂ ಹೋಗಿ, ನಡುವೆ ಒಂದು ಕಡೆ ಬಿಟ್ಟುಹೋಗಿತ್ತು. ಆಮೇಲೆ ನಾನು ಮಾಡಿದ್ದಕ್ಕೆ ಇವತ್ತಿಗೂ ವಿವರಣೆ ಇಲ್ಲ. ಮಗು ಕಾಣೆಯಾಗಿರುವಾಗ ಯಾವ ತಾಯಿ ಕೂತು ಲೇಸು ಬಿಚ್ಚುತ್ತಾಳೆ? ನಾನು ಬಿಚ್ಚಿದೆ. ಶೂ ಬಿಟ್ಟು, ಬಾಗಿಲಿಂದ ಒಳಗೆ ಹೋದೆ. ಹಾಲು ದಾಟಿದೆ.

ನಿಧಿ ತನ್ನ ಕೋಣೆಯ ಮೂಲೆಯಲ್ಲಿ ಮೊಣಕಾಲಪ್ಪಿ ಕೂತಿದ್ದಳು. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಮೊದಲು ನನ್ನ ಪಾದ ನೋಡಿದಳು, ಆಮೇಲೆ ಮುಖ. ಆಮೇಲೆ ಓಡಿಬಂದು ಸೊಂಟ ತಬ್ಬಿದಳು.

ನನ್ನ ಅಳು ಕೇಳಿ ಇವರೂ ಬಂದರು. "ಅಷ್ಟು ಕೂಗ್ತಿದ್ವಲ್ಲ ಪುಟ್ಟಿ, ಯಾಕೆ ಓ ಅನ್ಲಿಲ್ಲ?" ಎಂದು ಕೇಳಿದರು.

"ಒಬ್ಳೇ ಇದ್ದಾಗ ಯಾರು ಕರೆದ್ರೂ ಮಾತಾಡಬಾರ್ದು. ಅಮ್ಮಾನೇ ಹೇಳಿದ್ದು."

"ಕರೆದಿದ್ದು ಅಮ್ಮಾನೇ ಅಲ್ವೇನೇ!"

"ಫಸ್ಟ್ ಅಲ್ಲಿಂದ ಕರೆದ್ರು," ಎಂದು ಅವಳು ನೀರಿನ ಕಡೆ ಕೈ ತೋರಿಸಿದಳು.

ಇವರು ಸಮಾಧಾನವಾಗಿ ಮಂಜಿನಲ್ಲಿ ಶಬ್ದದ ದಿಕ್ಕು ತಪ್ಪುತ್ತದೆ, ಅದು ಅಮ್ಮನ ಕೂಗೇ ಎಂದು ವಿವರಿಸಿದರು. ನಾನು ಹೂಂಗುಟ್ಟಿದೆ. ಮನೆಗೆ ಬಂದು ಬಿಸಿನೀರು ಹಾಕುತ್ತಿರುವಾಗ, ಸೋಪಿನ ನೊರೆಯ ನಡುವೆ ನಿಧಿ ತಾನಾಗಿಯೇ ಹೇಳಿದಳು. "ನಾನು ಹೋದ ತಕ್ಷಣಾನೇ ಕರೆದ್ರು ಅಮ್ಮ. 'ನಿಧಿ, ಇಲ್ಲಿ ಬಾ' ಅಂತ. ಸೇಮ್ ನಿನ್ನ ವಾಯ್ಸ್. ಬಟ್ ನೀನು ಹಿಂದೆ ಬಿದ್ದಿದ್ದೆ. ಐ ಸಾ ಯು. ಅಷ್ಟು ಬೇಗ ಸೀ ಹತ್ರ ಹೇಗೆ ಹೋಗ್ತೀಯ? ಅದಕ್ಕೆ ನಮ್ಮನೆ ಒಳಗೆ ಹೋಗಿ ಡೋರ್ ಹಾಕ್ಕೊಂಡೆ."

ನನ್ನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಆ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಇವರಿಗೆ ಹೇಳೋಣವೆಂದರೆ ಬಿದ್ದದ್ದು ಹೇಳಬೇಕು, ಮಗುವನ್ನು ಒಬ್ಬಳನ್ನೇ ಮುಂದೆ ಕಳಿಸಿದ್ದು ಹೇಳಬೇಕು. ಹೇಳಲಿಲ್ಲ. ಮಕ್ಕಳ ಕಲ್ಪನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಊರಿಗೆ ಮತ್ತೆ ಸೈಕಲ್ ಒಯ್ಯಲಿಲ್ಲ. ಚಳಿ, ನೆಗಡಿ, ಮಂಡಿನೋವು ಎಂದು ಒಂದೊಂದು ಶುಕ್ರವಾರಕ್ಕೆ ಒಂದೊಂದು ನೆಪ ಕೊಟ್ಟೆ. ಮೂರು ವರ್ಷದ ಮೇಲೆ ಆ ದೇಶ ಬಿಟ್ಟು ಬಂದೆವು. ನಿಧಿ ಈಗ ಕಾಲೇಜಿನಲ್ಲಿದ್ದಾಳೆ, ಕೇಳಿದರೆ ಚಿತ್ರಾನ್ನ ಒಂದು ನೆನಪಿದೆ ಅನ್ನುತ್ತಾಳೆ.

ಎದುರು ಸೈಟಿನಲ್ಲಿ ಗೆರೆ ಬಿದ್ದ ಆ ಸಂಜೆ, ಕಾಫಿ ಕೊಡುತ್ತ ಇವರಿಗೆ ಎಲ್ಲ ಹೇಳಿಬಿಟ್ಟೆ. ಬಿದ್ದದ್ದು, ಕಳಿಸಿದ್ದು, ಹತ್ತು ನಿಮಿಷ ಸುಮ್ಮನಿದ್ದದ್ದು, ಎಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಲೋಟ ಕೆಳಗಿಟ್ಟರು.

"ಸುಮ್ಮನಿರಲಿಲ್ಲ ನೀನು. ಕರೆದೆ."

"ಇಲ್ಲ ರೀ."

"'ರೀ, ಇಲ್ಲಿ ಬನ್ನಿ' ಅಂದೆ. ಎರಡು ಸಲ. ಕಲ್ಲಿನ ಕಡೆಯಿಂದ. ಸೈಕಲ್ ಮಲಗಿಸಿ ಕಲ್ಲು ಇಳಿದು ಹೋದೆ ನಾನು. ನೀರು ಮಂಡಿಗೆ ಬಂದಾಗ, ಇವಳಿಗೆ ಈಜೇ ಬರಲ್ಲ, ಇಲ್ಲೇನು ಮಾಡ್ತಾಳೆ ಅಂತ ಹೊಳೀತು. ವಾಪಸ್ ಬಂದೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ದಾರಿ ತಪ್ಪಿ ಸಮುದ್ರಕ್ಕಿಳಿದ ಎಂಜಿನಿಯರು ಅಂತ ನೀನು ಜೀವನಪೂರ್ತಿ ಆಡಿಕೊಳ್ತಿದ್ದೆ," ಅಂದರು. ನಗಲು ನೋಡಿದರು, ನಗು ಬರಲಿಲ್ಲ. ಲೋಟ ಮತ್ತೆ ಕೈಗೆತ್ತಿಕೊಂಡು, "'ಬಂದೆ, ಬಂದೆ' ಅಂತ ಉತ್ತರಾನೂ ಕೊಟ್ಟಿದ್ದೆ ಕಣೇ" ಅಂದರು.

ಐದು ವರ್ಷದ ಮಗು ಮಾಡದ ತಪ್ಪು ಅದು. ಅಂದಿನಿಂದ ನಾನು ಅಡುಗೆಮನೆಯಿಂದ ಕರೆದರೆ ಇವರು ಓಗೊಡುವುದಿಲ್ಲ. ಪೇಪರು ಮಡಿಸಿಟ್ಟು, ಎದ್ದು ಬಂದು, ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಾರೆ. ನೋಡಿದ ಮೇಲೆಯೇ "ಏನು?" ಅನ್ನುತ್ತಾರೆ.