ಹನ್ನೊಂದು ತಿಂಗಳು, ನಾಲ್ಕು ದಿನ

ಅಬೇದಾಬಿ ತೀರಿಕೊಂಡಳು. ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ತಾವರಗೇರಾದ ತನ್ನ ಮನೆಯಲ್ಲಿ, ಹೃದಯಾಘಾತದಿಂದ. ವಯಸ್ಸು ನಲವತ್ತೆಂಟು. ಅಂದೇ ಸಂಜೆ ಅಸರ್ ನಮಾಜಿನ ನಂತರ ಮಣ್ಣು ಮಾಡಿದರು. ಗಂಗಾವತಿಯಲ್ಲಿರುವ ಗಂಡನ ಅಣ್ಣನ ಮನೆಯವರಿಗೆ ಫೋನ್ ಹೋಗಿತ್ತು. ಯಾರೂ ಬರಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರು ಹೂ ಮಾರುತ್ತಿದ್ದವಳು ಎಂದರೆ ಊರಿನ ಗಂಡಸರಿಗೆ ಗುರುತು ಸಿಗುತ್ತದೆ. ಹೆಂಗಸರಿಗೆ ಅವಳು ಇನ್ನೊಂದು ಕಾರಣಕ್ಕೆ ಗೊತ್ತು. ಮಗುವಿಗೆ ಮೊಲೆ ಬಿಡಿಸಿ ಎದೆ ಕಲ್ಲಿನಂತಾದ ತಾಯಂದಿರು ಸುತ್ತಲ ಹಳ್ಳಿಗಳಿಂದ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅಬೇದಾಬಿ ಕಟ್ಟದ ಬಿಡಿ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಕೊಡುತ್ತಿದ್ದಳು.

"ಎದಿಗೆ ಇಟ್ಟು ಮ್ಯಾಲ ಸಡ್ಲ ಅರಿವಿ ಹಾಕು. ಗಟ್ಟಿ ಬಿಗೀಬ್ಯಾಡವಾ, ಅದೇನ ಜ್ವಾಳದ ಚೀಲ ಅಲ್ಲ. ನಡುನಡುವ ತಣ್ಣನ ಹಸಿ ಅರಿವಿ ಇಟ್ಕೋ. ಭಾಳ ತುಂಬಿ ಬಂದ್ರ ಹಗುರ ಆಗೋವಷ್ಟ ಹಿಂಡು, ಪೂರಾ ಖಾಲಿ ಮಾಡಬ್ಯಾಡ. ಖಾಲಿ ಮಾಡಿದಷ್ಟೂ ತುಂಬತೈತಿ."

"ಹೂವು ಇಟ್ರ ಹಾಲು ನಿಂದರತಾವೇನ್ರಿ?"

"ನಮ್ಮ ಹಿರೇರು ಇಡ್ತಿದ್ರು, ನಾನೂ ಇಟ್ಟೀನಿ. ಆದ್ರ ಕೆಂಪಾಗಿ ಜ್ವರ ಬಂತಂದ್ರ ನನ್ನ ಹೂವು ನಂಬ್ಕೊಂಡು ಕುಂದ್ರಬ್ಯಾಡ, ಡಾಕ್ಟರ್ ಕಡೆ ಹೋಗು."

ಹೊರಟವಳನ್ನು ಮತ್ತೆ ಕರೆದು ಒಂದು ಮಾತು ಸೇರಿಸುತ್ತಿದ್ದಳು: "ತಡ್ಯಾಕ ಆಗವಲ್ದು ಅಂತ ಮಂದಿ ಕೂಸಿಗೆ ಮಾತ್ರ ಎದಿ ಕೊಡಬ್ಯಾಡ." ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅಬೇದಾಬಿಯ ಚೊಚ್ಚಲ ಹೆಣ್ಣುಮಗು ಹುಟ್ಟಿದ ಮೂರನೇ ದಿನಕ್ಕೆ ಹೋಯಿತು. ಅದೇ ವಾರ ಗಂಗಾವತಿಯಲ್ಲಿ ಅವಳ ನೆಗೆಣ್ಣಿ, ಎಂದರೆ ಗಂಡನ ಅಣ್ಣನ ಹೆಂಡತಿ ಮೆಹರಾಜ, ಗಂಡುಮಗು ಹೆತ್ತು ಕಾಯಿಲೆ ಬಿದ್ದಳು. ಮಗುವಿಗೆ ಹಾಲಿಲ್ಲ. ಮೆಹರಾಜಳೇ ಕೂಸನ್ನು ಕಳಿಸಿ ಹೇಳಿಸಿದ್ದಳು: "ನನಗ ಇಬ್ಬರು ಗಂಡುಮಕ್ಕಳು ಅದಾರ. ಇವ ಅಬೇದಾನ ಮಗ." ಮಗುವಿಗೆ ನಜೀಬ ಎಂದು ಹೆಸರಿಟ್ಟವಳು ಅಬೇದಾಬಿ. ಹನ್ನೊಂದು ತಿಂಗಳು ಹಾಲು ಕುಡಿಸಿದಳು.

ಮೆಹರಾಜ ಗುಣವಾದಳು. ಒಂದು ದಿನ ಕಾರು ಮಾಡಿಕೊಂಡು ಬಂದಳು. "ನನ್ನ ತಮ್ಮನ ಶಾದಿ ಐತಿ. ಎಲ್ಲಾರೂ ಕೂಸು ನೋಡಬೇಕಂತಾರ. ಎರಡ ದಿನ, ಕಳಿಸಿ ಕೊಡ್ತೀನಿ." ಅಬೇದಾಬಿ ಎರಡು ದಿನಕ್ಕೆ ಎರಡು ಅಂಗಿ ಮಡಚಿ ಕೊಟ್ಟಳು. ಮಗುವಿನ ಉಳಿದ ಬಟ್ಟೆಯನ್ನು ಗಂಡ ಅಬ್ದುಲಸಾಬ ಮೊದಲೇ ಚೀಲದಲ್ಲಿ ತುಂಬಿ ಕಾರಿನಲ್ಲಿ ಇಟ್ಟಿದ್ದ. ಅವಳಿಗೆ ಅದು ತಿಳಿದದ್ದು ಮೂರನೇ ದಿನ, ಖಾಲಿ ಪೆಟ್ಟಿಗೆ ತೆಗೆದಾಗ.

"ನಿಮಗ ಗೊತ್ತಿತ್ತು?"

"ಅವರ ಕೂಸು, ಅವರು ಒಯ್ದಾರ. ನಿನಗ ಮೊದಲ ಹೇಳಿದ್ರ ಬಿಡ್ತಿದ್ದೇನು?"

ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಅವಳ ದೇಹಕ್ಕಂತೂ ಇನ್ನೂ ಗೊತ್ತಾಗಿರಲಿಲ್ಲ. ಹೊತ್ತು ಹೊತ್ತಿಗೆ ಹಾಲು ಇಳಿಯುತ್ತಿತ್ತು. ಅತ್ತೆ ಹಳೆ ಸೀರೆ ಹರಿದು ಎದೆಯನ್ನು ಬಿಗಿದು ಕಟ್ಟಿದಳು. ಹಾಲು ಕಟ್ಟಿಕೊಂಡು ಗಂಟುಗಳಾದವು. ಕೈ ಎತ್ತಲು ಬಾರದಂತೆ ನೋವಾಯಿತು. ಪಕ್ಕದ ಬಾಡಿಗೆ ಮನೆಯಲ್ಲಿ ಮಾಜೀದ ಎಂಬ ಲಾರಿ ಡ್ರೈವರನ ಸಂಸಾರವಿತ್ತು. ಅವನು ಹೆಚ್ಚಾಗಿ ಊರಲ್ಲಿ ಇರುತ್ತಿರಲಿಲ್ಲ. ಅವನ ಹೆಂಡತಿಗೆ ನಾಲ್ಕು ತಿಂಗಳ ಹೆಣ್ಣುಕೂಸು ತಸ್ಲೀಮಾ, ಎದೆಯಲ್ಲಿ ಹಾಲು ಕಡಿಮೆ. ಅವಳು ಕೂಸನ್ನು ತಂದು ಅಬೇದಾಬಿಯ ಮಡಿಲಿಗೆ ಹಾಕಿದಳು.

"ನಿನಗೂ ಹಗುರ ಆಗತೈತಿ, ಇದರ ಹೊಟ್ಟಿನೂ ತುಂಬತೈತಿ. ಯಾರಿಗೂ ಹೇಳೂದು ಬ್ಯಾಡ."

ಒಂದೇ ಎದೆಯ ಹಾಲು ಕುಡಿದ ಮಕ್ಕಳು ಅಣ್ಣತಂಗಿ, ಅವರಿಗೆ ನಿಕಾಹ್ ಆಗುವುದಿಲ್ಲ ಎಂಬುದು ಅಬೇದಾಬಿಗೆ ಗೊತ್ತಿರದ ವಿಷಯವಲ್ಲ. ಆದರೆ ಆ ಹೊತ್ತಿಗೆ ಬೇನೆಯ ಮುಂದೆ ಏನೂ ಕಾಣಲಿಲ್ಲ. ನಾಲ್ಕು ದಿನ ಕುಡಿಸಿದಳು. ಕೂಸು ಕುಡಿದಷ್ಟೂ ಹಾಲು ಹೆಚ್ಚಾಯಿತು. ಐದನೇ ದಿನ ಅಂಗನವಾಡಿಗೆ ಹೊಸದಾಗಿ ಬಂದಿದ್ದ ಸುರೇಖಾ ನೋಡಿ ಬೈದಳು, ಸೀರೆಯ ಕಟ್ಟು ಬಿಚ್ಚಿಸಿದಳು, ಹಸಿ ಅರಿವೆ ಇಟ್ಟಳು, ನೋವಿನ ಗುಳಿಗೆ ಕೊಟ್ಟಳು, ಎಷ್ಟು ಹಿಂಡಬೇಕು ಎಂದು ತೋರಿಸಿಕೊಟ್ಟಳು. ಮಲ್ಲಿಗೆ ಇಟ್ಟದ್ದು ಅಬೇದಾಬಿಯೇ, ಅವಳ ತವರಿನ ರೂಢಿ. ಎರಡು ವಾರಕ್ಕೆ ಹಾಲು ನಿಂತಿತು. ಅವಳಿಗೆ ಮುಂದೆ ಮಕ್ಕಳಾಗಲಿಲ್ಲ.

ಮಾಜೀದನ ಸಂಸಾರ ಕುಕನೂರಿಗೆ ಹೋಯಿತು, ಅಲ್ಲಿ ಅವನ ಹೆಂಡತಿ ತೀರಿದಳು. ಅಬ್ದುಲಸಾಬನೂ ತೀರಿದ. ನಜೀಬ ವರ್ಷಕ್ಕೊಮ್ಮೆ ಈದಿಗೆ ಬಂದು "ಚಾಚಿ, ಅರಾಮ ಅದೀರೇನ್ರಿ" ಎಂದು ಕೇಳಿ ಹೋಗುತ್ತಿದ್ದ. ಅವನು ಡಬ್ಬಿ ಹಾಲು ಕುಡಿದು ಬೆಳೆದವನು ಎಂದು ಮೆಹರಾಜ ಗಂಗಾವತಿಯಲ್ಲಿ ಎಲ್ಲರಿಗೂ ಹೇಳಿದ್ದಳು.

ಈ ಶಾಬಾನ್ ತಿಂಗಳಲ್ಲಿ ಮೆಹರಾಜ ಸಕ್ಕರೆ ಹಂಚಲು ಬಂದಳು. ನಜೀಬನ ಶಾದಿ ಗೊತ್ತಾಗಿತ್ತು. ಹುಡುಗಿ ಕುಕನೂರಿನ ಮಾಜೀದ ಡ್ರೈವರನ ಮಗಳು ತಸ್ಲೀಮಾ. ಅಬೇದಾಬಿ ಕೈಯಲ್ಲಿದ್ದ ಸಕ್ಕರೆಯನ್ನು ತಟ್ಟೆಗೆ ಹಾಕಿ, ನಡೆದದ್ದನ್ನು ಹೇಳಿದಳು.

ಮೆಹರಾಜ ಸಕ್ಕರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಇಪ್ಪತ್ತೆರಡು ವರ್ಷದ ಮ್ಯಾಲ ಇದನ್ನ ತಗದೀ? ನನ್ನ ಮಗಾ ನಿನಗ ಸಿಗಲಿಲ್ಲಂತ ಅವನ ಶಾದಿ ಕೆಡಸ್ತಿ?"

"ಭಾಬಿ, ಎದಿ ಮ್ಯಾಲ ಇಟ್ಕೊಂಡು ಕುಡಿಸಿದ್ದು ನಾನು."

"ನಾಕ ಹನಿ ಹಾಲು. ನೀ ಬಾಯಿ ಮುಚ್ಚಿದ್ರ ಯಾರಿಗೂ ಗೊತ್ತಿಲ್ಲ."

ಆದರೂ ಮಾತು ಎಲ್ಲಿಂದಲೋ ಮಾಜೀದನ ಕಿವಿಗೆ ಬಿತ್ತು. ಮೌಲ್ವಿಗಳು, ಕುಡಿಸಿದವಳ ಬಾಯಿಂದಲೇ ಕೇಳಿ ಎಂದರಂತೆ. ಅವಳು ತೀರುವ ಎರಡು ದಿನ ಮೊದಲು, ಭಾನುವಾರ, ನಜೀಬ ಬಂದ. ಚಪ್ಪಲಿ ಬಿಟ್ಟು ಅಬೇದಾಬಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು, ಅವಳ ಕೈ ಹಿಡಿದುಕೊಂಡ.

"ಅಮ್ಮೀ, ಒಂದ ಮಾತು ಅಂದುಬಿಡ್ರಿ. ನಜೀಬಗ ನಾ ಹಾಲು ಕುಡಿಸಿಲ್ಲ, ಅಷ್ಟ. ಫೋನಿನ್ಯಾಗ ರೆಕಾರ್ಡ್ ಮಾಡ್ಕೋತೀನಿ."

ಇಪ್ಪತ್ತೆರಡು ವರ್ಷ ಚಾಚಿ, ಚಿಕ್ಕಮ್ಮ ಎಂದವನು, ತಾಯಿ ಅಲ್ಲ ಎಂದು ಹೇಳಿಸಲು ಅಮ್ಮಿ ಎಂದಿದ್ದ. ಅಬೇದಾಬಿ ಅವನ ಮುಖವನ್ನು ಚೆನ್ನಾಗಿ ನೋಡಿದಳು.

"ಅಮ್ಮಿ ಅನ್ನಂತ ಯಾರ ಹೇಳಿಕೊಟ್ರಪಾ?"

ನಜೀಬ ಬಾಗಿಲ ಕಡೆ ನೋಡಿದ. ಹೊರಗೆ ನಿಂತ ಆಟೋದಲ್ಲಿ ಮೆಹರಾಜ ಕುಳಿತಿದ್ದಳು.

"ಆ ಹುಡುಗಿಗೆ ಗೊತ್ತೈತೇನು?"

"ಆಕಿಗ್ಯಾಕ ಹೇಳಬೇಕ್ರಿ? ಸುಮ್ನ ಹೆದರ್ತಾಳ."

ಅಬೇದಾಬಿ ಕೈ ಬಿಡಿಸಿಕೊಂಡು, "ಎರಡ ದಿನ ಬಿಡು, ಕಳಿಸಿ ಕೊಡ್ತೀನಿ" ಎಂದಳು. ಆ ಮಾತು ಎಲ್ಲಿಯದು ಎಂದು ನಜೀಬನಿಗೆ ತಿಳಿಯುವಂತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಹೂವಿನ ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತು ಸುರೇಖಾಳನ್ನು ಕರೆಸಿದಳು. ಬೆವರುತ್ತಿದ್ದಳು. ಎದೆ ಹಿಡಿದಂಗ ಆಗೈತಿ ಎಂದಳು. ಆಸ್ಪತ್ರೆಗೆ ನಡಿ ಎಂದು ಸುರೇಖಾ ಎಬ್ಬಿಸಲು ಹೋದಳು.

"ಹೋಗೂನಂತ. ಮೊದಲ ಫೋನ್ ಹಿಡಿ."

ಸುರೇಖಾ ಹಿಡಿದಳು. ಅಬೇದಾಬಿ ಸೆರಗು ಸರಿಮಾಡಿಕೊಂಡು ಮಾತಾಡಿದಳು. "ನಾನು ಅಬೇದಾಬಿ, ಅಬ್ದುಲಸಾಬನ ಹೇಣ್ತಿ. ನಜೀಬಗ ಹನ್ನೊಂದು ತಿಂಗಳು ಹಾಲು ಕುಡಿಸೀನಿ. ತಸ್ಲೀಮಾಗ ನಾಕು ದಿನ ಕುಡಿಸೀನಿ, ನನ್ನ ಬ್ಯಾನಿ ತಡ್ಯಾಕ ಆಗಲಾರದ. ತಪ್ಪು ನಂದು. ಆ ಹುಡುಗಿಗೆ ಯಾರೂ ಏನೂ ಅನಬ್ಯಾಡ್ರಿ."

"ಯಾರಿಗೆ ಕಳಿಸ್ಲಿ ಅಕ್ಕಾ?"

"ಮೊದಲ ಹುಡುಗಿಗೆ. ಆಕಿಗೆ ಮೊದಲ ಗೊತ್ತಾಗ್ಲಿ. ಆಮ್ಯಾಲ ಆಕಿ ಅಪ್ಪಗ. ನಜೀಬಗ ಕಡೀಕ."

ಅಬೇದಾಬಿ ಎರಡು ದಿನದಲ್ಲಿ ತರಿಸಿಟ್ಟಿದ್ದ ನಂಬರುಗಳಿಗೆ ಸುರೇಖಾ ಅದೇ ಕ್ರಮದಲ್ಲಿ ಕಳಿಸಿದಳು.

"ಹೋತೇನು?"

"ಹೋತು."

ಸುರೇಖಾ ಆಟೋ ಕರೆಯಲು ಎದ್ದಳು. ಬುಟ್ಟಿಯ ಮೇಲಿನ ಅರಿವೆ ಒಣಗಿತ್ತು. ಅಬೇದಾಬಿ ಅದನ್ನು ಬೋಗಾಣಿಯ ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಮಲ್ಲಿಗೆಯ ಮೇಲೆ ಹೊದಿಸಿದಳು.