ಪೆನ್ ಡ್ರೈವಿಗೆ ಹಚ್ಚಿದ ಗಂಧ

ಇವತ್ತು ಬೆಳಗ್ಗೆ ವಾಕಿಂಗ್ ಮುಗಿಸಿ ಬರುವಾಗ ಹಳೇ ಬಸ್ ನಿಲ್ದಾಣದ ಹತ್ತಿರ ಚಕ್ಕೋತ ಮಾರುತ್ತಿದ್ದರು. ಒಂದನ್ನು ತಂದು, ಕೈ ತೊಳೆದು, ಚಾಕುವಿನಿಂದ ತೊಟ್ಟಿನ ಹತ್ತಿರ ಗೀರಿದೆನಷ್ಟೇ, ಸಿಪ್ಪೆಯ ಘಮ ಅಡುಗೆಮನೆಯನ್ನೆಲ್ಲ ತುಂಬಿಬಿಟ್ಟಿತು. ಏಳೂಕಾಲಿಗೆ ಸ್ನಾನಕ್ಕೆ ಹೋಗಬೇಕಾದವಳು ಏಳೂಮುಕ್ಕಾಲಾದರೂ ಸ್ಟೂಲಿನ ಮೇಲೆ ಕೂತೇ ಇದ್ದೆ. ನನ್ನನ್ನು ಬಲ್ಲವರಿಗೆ ಇದನ್ನು ಹೇಳಿದರೆ ಡಾಕ್ಟರನ್ನು ಕರೆಸುತ್ತಾರೆ.

ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಹತ್ತಿಯ ಡಬ್ಬಿಯಲ್ಲಿ ಕತ್ತರಿ ಕಂಡರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ. ಒಂದು ವಸ್ತುವಿಗೆ ಒಂದೇ ಜಾಗ, ಬೇಡದ್ದು ಕಸದ ಬುಟ್ಟಿಗೆ. ಈ ಎರಡೇ ನಿಯಮದಲ್ಲಿ ವಾರ್ಡನ್ನೂ ನಡೆಸಿದೆ, ಮನೆಯನ್ನೂ ನಡೆಸಿದೆ. ದೇವನಹಳ್ಳಿಯಲ್ಲಿ ಎಲ್ಲರಿಗೂ ನಾನು ಸಿಸ್ಟರಮ್ಮ. ಜನ ನಿಮಗೆ ಹೆದರುತ್ತಿದ್ದರೇ ಎಂದು ಕೇಳಬೇಡಿ. ಹೆದರುತ್ತಿದ್ದರು.

ಹೆದರದವನು ನನ್ನ ಅಣ್ಣ ಒಬ್ಬನೇ. ಆವತಿಯ ಕಡೆ ಅವನದೊಂದು ಚಕ್ಕೋತದ ತೋಟ, ನಡುವೆ ಹೆಂಚಿನ ಮನೆ. ಗಡಿಯಾರ ನೋಡಿ ಅವನು ಒಂದು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ದೊಡ್ಡ ದೊಡ್ಡ ನೆರಳುಗಳು ಆ ತೋಟದ ಮೇಲೆ ತೇಲಿಹೋಗುತ್ತಿದ್ದವು. ಹಸುಗಳು ಮೊದಮೊದಲು ತಲೆಯೆತ್ತಿ ನೋಡಿದವು, ಆಮೇಲೆ ಬಿಟ್ಟವು. ಅಣ್ಣ ಮಾತ್ರ ಕೊನೆಯವರೆಗೂ ನೋಡುತ್ತಲೇ ಇದ್ದ.

ಒಂದು ದಿನ ರಸ್ತೆ ಅಗಲ ಮಾಡುವವರು ಬಂದು ತೋಟದೊಳಗೆ ಗುರುತಿನ ಕಲ್ಲು ನೆಟ್ಟರು. ಮರುದಿನ ಅಣ್ಣ ಪೇಟೆಗೆ ಹೋಗಿ ಒಂದು ಪುಟ್ಟ ಕ್ಯಾಮೆರಾ ತಂದ. ಕಂಡದ್ದನ್ನೆಲ್ಲ ತೆಗೆದ: ಮರ, ಬಾವಿ, ಮೋಟಾರಿನ ಮನೆ, ಕರುವಿನ ಕಿವಿ, ಒಗೆದು ಹರವಿದ ಸೀರೆ. ಭಾನುವಾರ ಕ್ಯಾಮೆರಾ ಹಿಡಿದು ನಮ್ಮ ಮನೆಗೆ ಬರುತ್ತಿದ್ದ. ಅದರಲ್ಲಿದ್ದದ್ದನ್ನೆಲ್ಲ ನಾನು ಪೆನ್ ಡ್ರೈವಿಗೆ ಹಾಕಿ ಕ್ಯಾಮೆರಾ ಖಾಲಿ ಮಾಡಿಸುತ್ತಿದ್ದೆ. ಆಮೇಲೆ ಪರೀಕ್ಷೆ. ಸರಿಯಾದವು ಮನೆ, ತೋಟ, ಬಾವಿ, ಜನ ಎಂಬ ನಾಲ್ಕು ಫೋಲ್ಡರುಗಳಿಗೆ. ಮಬ್ಬಾದದ್ದು, ಓರೆಯಾದದ್ದು, ಬೆರಳು ಅಡ್ಡ ಬಂದದ್ದು ಡಿಲೀಟ್. ಅಣ್ಣ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಾ ನೋಡುತ್ತಿದ್ದ. ಒಂದು ಸಲ ಮಾತ್ರ ಹೇಳಿದ, “ಅಲ್ಲ ಕಣೇ, ಅಲುಗಾಡಿದ್ರೂ ಮರ ಮರಾನೇ ಅಲ್ವಾ?”

ನಾನು ಮುಂದಿನ ಮಬ್ಬು ಚಿತ್ರವನ್ನು ಡಿಲೀಟ್ ಮಾಡಿದೆ. ಡ್ಯೂಟಿಯಲ್ಲಿದ್ದಾಗ ಮಾತಾಡುವುದು ನನ್ನ ಅಭ್ಯಾಸವಲ್ಲ.

ತೋಟ ರಸ್ತೆಯಾಯಿತು. ಅತ್ತಿಗೆ, ಅಣ್ಣ ಬೂದಿಗೆರೆಯಲ್ಲಿ ಮಗಳ ಮನೆಯ ಪಕ್ಕಕ್ಕೇ ಹೋದರು. ಎರಡು ವರ್ಷಕ್ಕೆ ಅಣ್ಣ ತೀರಿಕೊಂಡ. ವರ್ಷದ ತಿಥಿಗೆ ಒಂದು ತಿಂಗಳಿದೆ ಎನ್ನುವಾಗ ಅತ್ತಿಗೆ ಫೋನು ಮಾಡಿದರು. ಗೋಡೆಯ ಮೇಲಿರುವುದು ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಫೋಟೋ, ಅದರಲ್ಲಿ ಅವರು ಯಾರೋ ಬೇರೆಯವರ ಹಾಗಿದ್ದಾರೆ, ತೋಟದ್ದೊಂದು ಫೋಟೋ ಇದ್ದರೆ ಪಕ್ಕದಲ್ಲಿಡುತ್ತೇನೆ ಎಂದರು. ಒಂದಲ್ಲ, ನೂರು ಕೊಡುತ್ತೇನೆ, ಭದ್ರವಾಗಿವೆ ಎಂದು ನಾನು ಬೀಗಿದೆ.

ಪೆನ್ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದೆ. ಎಂದಿನ ಟುಂಯ್ ಸದ್ದು ಬರಲಿಲ್ಲ. ಪಕ್ಕದ ಕಿಂಡಿಗೆ ಹಾಕಿದೆ, ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದೆ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದೆ. ಏನೇನು ಮಾಡಿದೆನೆಂದು ರೋಗಿಯ ಚಾರ್ಟಿನ ಹಾಗೆ ಸಮಯ ಹಾಕಿ ಬರೆದಿಟ್ಟೆ. ನಾಡಿ ಸಿಗಲಿಲ್ಲ. ಆಗ ನನಗೆ ನನ್ನ ಮೊದಲ ನಿಯಮ ನೆನಪಾಯಿತು. ಒಂದು ವಸ್ತುವಿಗೆ ಒಂದೇ ಜಾಗ. ಆ ತೋಟ ಈಗ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಇದ್ದದ್ದು ಆ ಹೆಬ್ಬೆರಳುದ್ದದ ತುಂಡಿನೊಳಗೆ ಮಾತ್ರ.

ನಮ್ಮೂರಿನ ಬಾಷಾ ಮೊದಲು ವಾಚ್ ರಿಪೇರಿ ಮಾಡುತ್ತಿದ್ದವನು, ಈಗ ಮೊಬೈಲು, ಕಂಪ್ಯೂಟರು. ಹಳೇ ಕಣ್ಣುಗಾಜನ್ನೇ ಕಣ್ಣಿಗೆ ಸಿಕ್ಕಿಸಿಕೊಂಡು ಪೆನ್ ಡ್ರೈವಿನ ಬಾಯೊಳಗೆ ನೋಡಿದ. ತುಂಬ ಹೊತ್ತು ನೋಡಿದ.

“ಸಿಸ್ಟರಮ್ಮ, ಆಯುಧ ಪೂಜೆಗೆ ಇದನ್ನೂ ಇಟ್ಟಿದ್ರಾ?”

ಇಟ್ಟಿದ್ದೆ. ಪ್ರತಿ ವರ್ಷ ಇಡುತ್ತಿದ್ದೆ. ಆಸ್ಪತ್ರೆಯಲ್ಲಿ ಥರ್ಮಾಮೀಟರಿಗೂ ಬಿ.ಪಿ. ನೋಡುವ ಯಂತ್ರಕ್ಕೂ ಗಂಧ, ಕುಂಕುಮ ಹಚ್ಚಿದ ಕೈ ಇದು. ಪೆನ್ ಡ್ರೈವಿನ ಮುಚ್ಚಳ ತೆಗೆದು, ಮುಖ ಕಾಣುವ ಹಾಗೆ ನಿಲ್ಲಿಸಿ, ಧಾರಾಳವಾಗಿಯೇ ಹಚ್ಚಿದ್ದೆ.

“ಪೂಜೆ ಮಾಡಿದ್ದು ಸರಿ. ಬಾಯಿಗೇ ಗಂಧ ಮೆತ್ತಿದ್ರೆ ಪಾಪ, ಅದು ಹೆಂಗ್ ಮಾತಾಡುತ್ತೆ?”

ಸ್ಪಿರಿಟ್, ಹತ್ತಿ, ಸೂಜಿ. ಅವನ ಕೈ ನೋಡಿ ನನಗೆ ಡ್ರೆಸ್ಸಿಂಗ್ ರೂಮೇ ನೆನಪಾಯಿತು. ಒಣಗಿದ ಗಂಧ ಪುಡಿಪುಡಿಯಾಗಿ ಬಂತು. ಒಣಗಿಸಿ ಚುಚ್ಚಿದಾಗ ಸಣ್ಣ ದೀಪ ಮಿನುಗಿತು, ಟುಂಯ್ ಎಂದಿತು, ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಮೇಲಿನಿಂದ ಆದೇಶ ಬಂದರೆ ಪಾಲಿಸಿಯೇ ಅಭ್ಯಾಸವಾದ ನನ್ನ ಬೆರಳು ತಾನಾಗಿಯೇ ಮೌಸಿನ ಕಡೆ ಹೊರಟಿತ್ತು. ಬಾಷಾ ಮೌಸನ್ನು ಕೈಯಿಂದ ಮುಚ್ಚಿದ.

“ಅದು ಕೇಳಿದ್ದಕ್ಕೆಲ್ಲ ಹೂಂ ಅನ್ಬಾರ್ದು ಸಿಸ್ಟರಮ್ಮ. ಹೂಂ ಅಂದ್ರೆ ಗುಡಿಸಿ ಹಾಕ್ಬಿಡ್ತದೆ.”

ಒಳಗೆ ಏನನ್ನೂ ಹೊಸದಾಗಿ ಬರೆಯಬಾರದಂತೆ. ಇದ್ದದ್ದನ್ನು ಇದ್ದ ಹಾಗೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಂಡು ಅದರಲ್ಲಿ ಹುಡುಕಬೇಕಂತೆ. ಬೆನ್ನುಮೂಳೆ ಮುರಿದವರನ್ನು ಅಲುಗಾಡಿಸದೆ ಎತ್ತುವ ಹಾಗೆ ಎಂದುಕೊಂಡೆ. ಮರುದಿನ ಮಧ್ಯಾಹ್ನ ಬನ್ನಿ ಎಂದ.

ಅತ್ತಿಗೆಗೆ ನಿಜ ಹೇಳಿದ್ದೆ. ಅವರು ಬಸ್ಸು ಹತ್ತಿ ಬಂದೇಬಿಟ್ಟರು. ಇಬ್ಬರೂ ಅಂಗಡಿಯ ಸ್ಟೂಲುಗಳ ಮೇಲೆ ಕೂತೆವು. ಹೊರಗೆ ಬಿಸಿಲು ತೂಕಡಿಸುತ್ತಿತ್ತು, ಒಳಗೆ ಫ್ಯಾನು. ಪರದೆಯ ಮೇಲೆ ಒಂದೊಂದೇ ಚಿತ್ರ, ಬೆಳಗಿನ ಮಂಜಿನಿಂದ ಮರಗಳು ಹೊರಬರುವ ಹಾಗೆ, ಮೇಲಿನಿಂದ ಕೆಳಕ್ಕೆ ತುಂಬಿಕೊಳ್ಳುತ್ತಾ ಬಂತು. ನಾನು ಕೊಟ್ಟ ಹೆಸರುಗಳಿರಲಿಲ್ಲ. ನಾಲ್ಕು ಫೋಲ್ಡರುಗಳೂ ಇರಲಿಲ್ಲ. ಬರೀ ಅಂಕಿಗಳು. ಬಾವಿಯ ಪಕ್ಕ ಕರು, ಕರುವಿನ ಪಕ್ಕ ಹೂವು, ಅರ್ಧಕ್ಕೇ ಬೂದುಬಣ್ಣಕ್ಕೆ ತಿರುಗಿದ ಮನೆ. ನಡುನಡುವೆ ಮಬ್ಬುಮಬ್ಬಾದ ಹಸಿರು, ಬೆರಳು, ಓರೆಯಾದ ಆಕಾಶ.

ಇವು ನಾನು ಅಳಿಸಿದವಲ್ಲವೇ ಎಂದು ಗಾಬರಿಯಾಗಿ ಕೇಳಿದೆ. ನೀವು ಅಳಿಸಿದಾಗ ಹೋಗುವುದು ಹೆಸರು ಮಾತ್ರ, ಮೇಲೆ ಬೇರೆ ಬಂದು ಕೂರುವವರೆಗೂ ವಸ್ತು ಅಲ್ಲೇ ಇರುತ್ತದೆ ಎಂದ ಬಾಷಾ. ಕಸ ಬೇರೆ ಬಂದುಬಿಟ್ಟಿದೆ, ಬೇಸರ ಮಾಡಿಕೊಳ್ಳಬೇಡಿ ಎಂದು ನಾನು ಅತ್ತಿಗೆಯ ಕಡೆ ತಿರುಗಿದೆ. ಅವರು ನನ್ನ ಮಾತು ಕೇಳುತ್ತಿರಲಿಲ್ಲ.

ಪರದೆಯ ಮೇಲೆ ಅಣ್ಣ ಇದ್ದ. ಮರದ ಬುಡದಲ್ಲಿ ಕೂತು ಚಕ್ಕೋತ ಸುಲಿಯುತ್ತಾ, ಏನೋ ಹೇಳಲು ಮುಖ ತಿರುಗಿಸಿದ್ದಾನೆ. ಚಿತ್ರವೆಲ್ಲ ಓರೆ. ಮುಖ ಅಲುಗಾಡಿದೆ, ನಗು ಕೆನ್ನೆಯಿಂದ ಆಚೆಗೆ ಹರಿದುಹೋಗಿದೆ. ನನ್ನ ನಾಲ್ಕು ಫೋಲ್ಡರುಗಳಲ್ಲಿ ಅಣ್ಣನ ಒಂದು ಚಿತ್ರವೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದೇ ಆಗ. ಕ್ಯಾಮೆರಾ ಯಾವಾಗಲೂ ಅವನ ಕೈಯಲ್ಲೇ ಇರುತ್ತಿತ್ತಲ್ಲ.

“ಇದು ನಾನ್ ತೆಗ್ದಿದ್ದು ಕಣಮ್ಮ,” ಎಂದರು ಅತ್ತಿಗೆ. “ಒಂದೇ ಒಂದು ತೆಗ್ದಿದ್ದೆ. ಸರಿಯಾಗಿ ಬಂದಿಲ್ಲ ಅಂತ ನೀನು ತೆಗೆದ್ಹಾಕ್ದೆಯಂತೆ. ಅವರು ಬಂದು ಹೇಳಿದ್ರು. ನಂಗೂ ತೆಗೆಯಕ್ ಬರ್ತಿರ್ಲಿಲ್ಲ ಬಿಡು, ಅಂದ್ಕೊಂಡು ಸುಮ್ಮನಾದೆ.”

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಷಾ ಯಾವುದೋ ವೈರು ಹುಡುಕುವ ನೆಪದಲ್ಲಿ ಒಳಗೆ ಹೋದ. ಮೇಲೆ ವಿಮಾನವೊಂದು ಹಾದುಹೋಯಿತು, ಅಂಗಡಿಯ ಗಾಜು ಸಣ್ಣಗೆ ನಡುಗಿತು.

ತಿಥಿಯ ದಿನ ಗುರುತಿನ ಚೀಟಿಯ ಫೋಟೋ ಇದ್ದ ಜಾಗದಲ್ಲಿ ಅತ್ತಿಗೆ ಆ ಅಲುಗಾಡಿದ ಚಿತ್ರವನ್ನೇ ಇಟ್ಟರು. ಈಗಲೂ ಅಲ್ಲಿ ಅದೇ ಇದೆ. ಆ ಚಿತ್ರಗಳ ಮೂರು ನಕಲು ಮೂರು ಮನೆಗಳಲ್ಲಿವೆ. ಆಯುಧ ಪೂಜೆಗೆ ಈಗ ಪೆನ್ ಡ್ರೈವನ್ನು ಒಂದು ಡಬ್ಬಿಯೊಳಗೆ ಹಾಕಿ, ಡಬ್ಬಿಯ ಮುಚ್ಚಳಕ್ಕೆ ಕುಂಕುಮ ಇಡುತ್ತೇನೆ. ಒಂದು ಭಾನುವಾರ ಆ ಅಂಕಿಗಳಿಗೆಲ್ಲ ಮತ್ತೆ ಹೆಸರು ಕೊಡೋಣವೆಂದು ಕೂತಿದ್ದೆ. ಕರುವಿನ ಕಿವಿಯನ್ನು ಮನೆಗೆ ಸೇರಿಸಲೇ, ತೋಟಕ್ಕೆ ಸೇರಿಸಲೇ ಎಂದು ಯೋಚಿಸುವಷ್ಟರಲ್ಲಿ ಕಾಫಿ ಆರಿಹೋಯಿತು. ಅಷ್ಟಕ್ಕೇ ಬಿಟ್ಟೆ.

ಇವತ್ತು ಹಣ್ಣು ಬಿಡಿಸಿ ತಟ್ಟೆಗಿಟ್ಟು, ಅತ್ತಿಗೆಗೆ ಕಳಿಸೋಣವೆಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಈಚೆಗೆ ಕೈ ಸ್ವಲ್ಪ ನಡುಗುತ್ತದೆ. ತೊಳೆಗಳು ಒಂದರೊಳಗೊಂದು ಕಲಸಿಹೋಗಿವೆ, ಮೂಲೆಯಲ್ಲಿ ನನ್ನ ಬೆರಳು ಅಡ್ಡ ಬಂದಿದೆ. ಹಾಗೆಯೇ ಕಳಿಸಿ, ಎಂಟು ಗಂಟೆಗೆ ಸ್ನಾನಕ್ಕೆ ಎದ್ದೆ.