ಮುಟ್ಟಬಾರದ ಐವತ್ತು ಗಿಡ

ಗೋಣಿಬೀಡಿನ ಗುಲ್ಷನ್ ಯಾರ ಮಾತಿಗೂ ಜಗ್ಗುವವಳಲ್ಲ. ಕಾಫಿ ಗಿಡದ ಮುಂದೆ ಮಾತ್ರ ಅವಳ ಮನಸ್ಸು ಬೆಣ್ಣೆ. ತೀರಿಕೊಂಡ ಗಂಡ ಮಹಮ್ಮದ್ ನೆಟ್ಟ ಅರೇಬಿಕಾದಲ್ಲಿ ನೂರು ಗಿಡಗಳನ್ನು ಅವಳು ಸರ್ಕಾರಿ ಪ್ರಯೋಗಕ್ಕೆ ಬಿಟ್ಟುಕೊಟ್ಟಳು. ಕಾಂಡಕೊರಕ ಹುಳಕ್ಕೆ ಹೊಸ ಔಷಧಿಯ ಪರೀಕ್ಷೆ. ವಿಜ್ಞಾನಿ ರೇವತಿ ಐವತ್ತು ಗಿಡಗಳ ಕಾಂಡಕ್ಕೆ ಅದನ್ನು ಬಳಿಸಿ, ಉಳಿದ ಐವತ್ತಕ್ಕೆ ಕೆಂಪು ಪಟ್ಟಿ ಕಟ್ಟಿದರು.

“ಇವನ್ನ ಮುಟ್ಟಬೇಡಿ ಗುಲ್ಷನಮ್ಮ. ಹುಳ ಬಿದ್ರೂ ಬೀಳ್ಲಿ. ಎರಡನ್ನೂ ಹೋಲಿಸಿದ್ರೇನೇ ಔಷಧಿ ಗುಣ ಗೊತ್ತಾಗೋದು.”

ಹೂಂ ಅಂದಳು. ಆದರೆ ಕಣ್ಣೆದುರು ಗಿಡ ಸಾಯುವುದನ್ನು ನೋಡುತ್ತ ಕೂರಲು ಅವಳೇನು ಕಲ್ಲೇ? ಹುಳ ಮೊಟ್ಟೆಯಿಡುವ ಕಾಲ ಬಂದಾಗಲೆಲ್ಲ ತೆಂಗಿನ ನಾರು ಹಿಡಿದು, ಕೆಂಪು ಪಟ್ಟಿಯ ಗಿಡಗಳ ಒಣ ತೊಗಟೆಯನ್ನು ಮೊಟ್ಟೆ ಸಮೇತ ಉಜ್ಜಿ ತೆಗೆದಳು. ಮಹಮ್ಮದ್ ಹಾಗೇ ಮಾಡುತ್ತಿದ್ದ. ಔಷಧಿ ಹಾಕಿಲ್ಲವಲ್ಲ, ತಪ್ಪೇನು ಅಂದುಕೊಂಡಳು.

ಮೂರು ವರ್ಷದ ನಂತರ ಬೆಳೆಗಾರರ ಸಭೆಯಲ್ಲಿ ರೇವತಿ ಸಪ್ಪೆ ಮುಖದಿಂದ ವರದಿ ಓದಿದರು: ಬಳಿದ ಗಿಡಕ್ಕೂ ಬಳಿಯದ ಗಿಡಕ್ಕೂ ವ್ಯತ್ಯಾಸ ಕಾಣಲಿಲ್ಲ, ಔಷಧಿಯನ್ನು ಕೈಬಿಡಲಾಗುವುದು. ಪಕ್ಕದ ತೋಟದ ಮಲ್ಲಿಕಾರ್ಜುನಪ್ಪ ಎದ್ದು ನಿಂತರು. ಆ ವರ್ಷ ಅವರು ಹುಳ ಹೊಕ್ಕ ನಾನೂರು ಗಿಡ ಕಿತ್ತು ಸುಟ್ಟಿದ್ದರು.

“ಜನರ ದುಡ್ಡಲ್ಲಿ ಮೂರು ವರ್ಷ ಏನ್ ಮಾಡಿದ್ರಿ ಮೇಡಂ? ಉತ್ತರ ಕೊಡಿ.”

ವ್ಯತ್ಯಾಸ ಯಾಕೆ ಕಾಣಲಿಲ್ಲವೆಂದು ಗುಲ್ಷನ್‌ಗೆ ಆಗ ಹೊಳೆಯಿತು. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು. ಆದರೆ ಬೈಗುಳವೆಲ್ಲ ಆ ಹೆಣ್ಣುಮಗಳ ಪಾಲಿಗೆ, ಊರವರ ಗಿಡಗಳೆಲ್ಲ ಹುಳದ ಪಾಲಿಗೆ.

“ಉತ್ತರ ನಾನು ಕೊಡ್ಬೇಕು ಸಾವ್ಕಾರ್ರೆ,” ಎಂದು ಎದ್ದಳು. “ಮುಟ್ಟಬೇಡಿ ಅಂದಿದ್ದ ಗಿಡಾನ ಮೂರು ವರ್ಷನೂ ಉಜ್ಜಿದೀನಿ.”

ಮಲ್ಲಿಕಾರ್ಜುನಪ್ಪ ಮೆಲ್ಲನೆ ಕುಳಿತರು. ರೇವತಿ ಬೈಯಲಿಲ್ಲ. “ನಂದೂ ತಪ್ಪಿದೆ. ಗಿಡ ಎಣಿಸಿ ಹೋದೆ, ನಿಮ್ಮನ್ನ ಒಂದಿನಾನೂ ಕೇಳ್ಲಿಲ್ಲ,” ಎಂದರು. ಇಬ್ಬರ ತಪ್ಪನ್ನೂ ವರದಿಯಲ್ಲಿ ಬರೆದು, ಮೇಲಿನವರಿಂದ ಬೈಸಿಕೊಂಡು, ಅದೇ ಗಿಡಗಳಲ್ಲಿ ಪ್ರಯೋಗವನ್ನು ಮೊದಲಿನಿಂದ ಶುರು ಮಾಡಿದರು.

ಗುಲ್ಷನ್ ಅಟ್ಟದ ಮೇಲಿಟ್ಟ ನಾರನ್ನು ಮತ್ತೆ ಕೆಳಗಿಳಿಸಲಿಲ್ಲ. ಈ ವರ್ಷ ಔಷಧಿ ಬಳಿದವುಗಳಲ್ಲಿ ಎರಡು ಗಿಡ ಹುಳ ಹೊಕ್ಕು ಹಳದಿ ತಿರುಗಿವೆ, ಕೆಂಪು ಪಟ್ಟಿಯವುಗಳಲ್ಲಿ ಹದಿನೇಳು. ಅವಳೇ ಎಣಿಸಿ ರೇವತಿಗೆ ಫೋನಿನಲ್ಲಿ ಹೇಳಿದಳು. ಅವರು ಬಂದು ನೋಡಿ ಕೀಳಲು ಹೇಳಿದ ಮೇಲೆ, ಅವುಗಳಲ್ಲೊಂದಾದ, ಮಹಮ್ಮದ್ ಮೊಟ್ಟಮೊದಲು ನೆಟ್ಟಿದ್ದ ಗಿಡವನ್ನು ತಾನೇ ಬೆಂಕಿಗೆ ಹಾಕಿ, ಅಲ್ಲೇ ಕುಳಿತು ಅತ್ತಳು.